ನೋವಿಲ್ಲದ ಗಂಟು

ನೋಯುವ ವ್ಯಾಧಿಯು ತಾನಾಗಿಯೇ ನಮ್ಮನ್ನು ವೈದ್ಯರ ಬಳಿಗೆ ಎಳೆದೊಯ್ಯುವುದು. ನೋಯದೆ ಬೆಳೆಯುವ ವ್ಯಾಧಿಯನ್ನಾದರೋ ನಾವೇ ಉಪೇಕ್ಷೆಯಿಂದ ಪೋಷಿಸುವೆವು. ಅಂತಹ ವಿರಳವಾದ ಒಂದು ಚರ್ಮಾರ್ಬುದದ ಸ್ವರೂಪವನ್ನು ವಾಚಕಮಹಾಶಯರಿಗೆ ನಿವೇದಿಸಲು ಇಚ್ಛಿಸುತ್ತೇವೆ.

ಇದರ ಹೆಸರು ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯೂಬರನ್ಸ್. ಹೆಸರು ದೀರ್ಘವಾದರೂ ಅರ್ಥವು ಸುಲಭವಾದುದು: ಚರ್ಮದ ತಂತುಮಯವಾದ ಪದರದಲ್ಲಿ ಜನಿಸಿ ಹೊರಕ್ಕೆ ಉಬ್ಬುವ ಅರ್ಬುದ. ಫ್ರಾನ್ಸ್ ದೇಶದ ದಾರಿಯೇ ಮತ್ತು ಫೆರಾಂ ಎಂಬ ವೈದ್ಯರು ೧೯೨೪ರಲ್ಲಿ ಇದನ್ನು ವರ್ಣಿಸಿದರು. ಮರುವರ್ಷ ಹಾಫ್‌ಮನ್ ಎಂಬುವರು ಈ ಹೆಸರನ್ನಿತ್ತರು. ನಡುವಯಸ್ಸಿನವರಲ್ಲಿಯೂ ತರುಣರಲ್ಲಿಯೂ ಇದು ಹೆಚ್ಚು; ಎದೆ, ಬೆನ್ನು, ಹೊಟ್ಟೆ ಮೊದಲಾದ ಮುಂಡಭಾಗವೇ ಇದರ ಮುಖ್ಯಸ್ಥಾನ. ಮೊದಲು ಹಳೆಯ ಗಾಯದ ಕಲೆಯಂತೆ ಗಟ್ಟಿಯಾದ ಒಂದು ಮಚ್ಚೆ ತೋರುವುದು. ಅನೇಕ ವರ್ಷಗಳು ಕಳೆದಮೇಲೆ ಅದರ ಮೇಲೆ ಗಂಟುಗಳೇಳುವುವು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕದಿರಿನಂತೆ ಎರಡು ತುದಿಗಳೂ ಚೂಪಾದ ಜೀವಕೋಶಗಳು ಬಂಡಿಯ ಗಾಲಿಯ ಅರಗಳಂತೆ ಹೆಣೆದುಕೊಂಡಿರುವುದು ಕಾಣುವುದು. ಈ ಕೋಶಗಳು ಚರ್ಮದಡಿಯ ಕೊಬ್ಬಿನ ಕಣಗಳ ನಡುನಡುವೆ ನುಗ್ಗಿ ಜೇನುಹುಟ್ಟಿನ ಆಕಾರವನ್ನು ತಾಳುವುವು. ಹೆಚ್ಚಿನ ರೋಗಿಗಳಲ್ಲಿ ೧೭ನೆಯ ಮತ್ತು ೨೨ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬೆಸೆದುಕೊಳ್ಳುವುದೇ ಮೂಲಕಾರಣ. ಇದರಿಂದ ಕೋಶವು ತನ್ನ ಬೆಳವಣಿಗೆಯ ಆಜ್ಞೆಯನ್ನು ತಾನೇ ಎಡೆಬಿಡದೆ ಹೊರಡಿಸಿಕೊಳ್ಳುವುದು. ಈ ರೋಗವು ಅಂಟುವುದಲ್ಲ. ಈ ಬೆಸುಗೆಯು ತಂದೆತಾಯಿಗಳಿಂದ ಬಂದುದೂ ಅಲ್ಲ.

ಅಪಾಯವೆಲ್ಲಿ? ಇದು ದೂರದ ಅಂಗಗಳಿಗೆ ಹರಡುವುದು ಅಪರೂಪ. ಆದರೆ ಕಣ್ಣಿಗೆ ಕಾಣುವ ಗಂಟಿಗಿಂತಲೂ ಕಾಣದ ಬೇರುಗಳು ದೂರ ಹಬ್ಬಿರುವುದರಿಂದ, ಗಂಟನ್ನಷ್ಟೇ ಕೊಯ್ದರೆ ಅದು ಮತ್ತೆ ಚಿಗುರುವುದು. ಪ್ರತಿಸಲವೂ ಆಳಕ್ಕಿಳಿದು ಮಾಂಸವನ್ನೂ ಮುಟ್ಟಬಹುದು. ಆದುದರಿಂದ ಶಸ್ತ್ರವೈದ್ಯರು ಸುತ್ತಲಿನ ಆರೋಗ್ಯವಾದ ಚರ್ಮವನ್ನೂ ೨-೩ ಸೆಂಟಿಮೀಟರಿನಷ್ಟು ಸೇರಿಸಿ ತೆಗೆಯುವರು. ಇಲ್ಲವೆ ಮೋಸ್ ಎಂಬ ವೈದ್ಯರ ಕ್ರಮದಂತೆ, ತೆಗೆದ ಪದರದ ಅಂಚನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತ, ರೋಗದ ಕುರುಹು ಅಳಿಯುವವರೆಗೂ ಮುಂದುವರಿಯುವರು. ಶಸ್ತ್ರಕ್ಕೆ ಸಾಧ್ಯವಾಗದ ರೋಗಿಗಳಿಗೆ ಇಮ್ಯಾಟಿನಿಬ್ ಎಂಬ ಔಷಧವುಂಟು. ೨೦೦೬ರಲ್ಲಿ ಅಮೆರಿಕದ ಸರ್ಕಾರವು ಇದಕ್ಕೆ ಸಮ್ಮತಿಯಿತ್ತಿತು.

ಶೇಷವುಳಿದ ಅರ್ಬುದವು ಬೇಗನೆ ಮರಳಿ ಹುಟ್ಟುವುದೆಂದು ಸುಶ್ರುತಾಚಾರ್ಯರೂ ಎಚ್ಚರಿಸಿರುವರು. ಈ ರೋಗವನ್ನು ಅವರು ಅರಿತಿದ್ದರೆಂದು ನಾವು ಹೇಳುವುದಿಲ್ಲ. ಆ ನೀತಿಯು ಇಲ್ಲಿಗೂ ಸಲ್ಲುವುದೆಂಬುದಷ್ಟೇ ನಮ್ಮ ಅಭಿಪ್ರಾಯ.

ಗೃಹಸ್ಥರು ಎರಡು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಮನೆಯವರ ಮೈಮೇಲೆ ಗಟ್ಟಿಯಾದ ಕಲೆಯೊಂದು ಮೆಲ್ಲನೆ ಬೆಳೆಯುತ್ತಿದ್ದರೆ, ನೋವಿಲ್ಲವೆಂಬ ಕಾರಣದಿಂದ ಸುಮ್ಮನಿರಬಾರದು. ಎಷ್ಟೇ ಚಿಕ್ಕ ಗಂಟನ್ನು ತೆಗೆಯಿಸಿದರೂ, ಅದನ್ನು ಬಿಸಾಡಗೊಡದೆ ಪರೀಕ್ಷಾಲಯಕ್ಕೆ ಕಳುಹಿಸುವಂತೆ ವೈದ್ಯರಲ್ಲಿ ವಿನಯದಿಂದ ಕೇಳಿಕೊಳ್ಳಬೇಕು.