ಇಂಗ್ಲಿಷ್ ಬರುತ್ತೆ, ಬಾಯಿಗೆ ಬರಲ್ಲ!

ಡಿಗ್ರಿ ಮುಗಿದಿರುತ್ತೆ, ಇಂಗ್ಲಿಷ್ ಪೇಪರಿನಲ್ಲಿ ಒಳ್ಳೆ ಮಾರ್ಕ್ಸೂ ಬಂದಿರುತ್ತೆ. ಆದರೆ ಇಂಟರ್‌ವ್ಯೂನಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ ತಕ್ಷಣ ಗಂಟಲು ಒಣಗುತ್ತೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಹುಡುಗ-ಹುಡುಗಿಯರ ಕಥೆ ಇದು.

ಮಂಡ್ಯದ ನಮ್ಮ ಬೀದಿಯಲ್ಲಿ ಅಂಥವಳೊಬ್ಬಳಿದ್ದಾಳೆ. ಎರಡು ಕಂಪನಿಗಳಲ್ಲಿ ಬರೆಯುವ ಟೆಸ್ಟ್ ಪಾಸಾಗಿ, ಮಾತಿನ ಸುತ್ತಿನಲ್ಲಿ ಹೊರಬಿದ್ದವಳು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಂಜೆ ಅವಳಿಗೆ ಇಂಗ್ಲಿಷ್ ಮಾತಾಡೋದು ಹೇಳಿಕೊಡುತ್ತಿದ್ದೇನೆ. ಮೊದಲ ದಿನವೇ ಅಂದಳು: “ಅಕ್ಕಾ, ಬರಿಯಕ್ಕೆ ಆಯ್ತದೆ. ಬಾಯ್ ಬುಟ್ರೆ ನಗ್ತಾರೆ.”

ಕೆದಕಿ ಕೇಳಿದೆ. ಜನ ನಕ್ಕಿದ್ದು ಅವಳ ಇಂಗ್ಲಿಷಿಗಲ್ಲ, ಕನ್ನಡಕ್ಕೆ! ಬೆಂಗಳೂರಿನ ಪಿ.ಜಿ.ಯಲ್ಲಿ ‘ಹಾಲು’ ಅನ್ನೋಕೆ ‘ಆಲು’ ಅಂದಿದ್ದಳಂತೆ. ಅಂದಿನಿಂದ ಯಾವ ಭಾಷೆಯಾದರೂ ಸರಿ, ಬಾಯಿ ತೆರೆಯೋ ಮುಂಚೆ ಮನಸ್ಸಿನಲ್ಲೇ ಎರಡು ಸಲ ತಿದ್ದುತ್ತಾಳೆ. ಅಷ್ಟರಲ್ಲಿ ಕೇಳಿದವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ.

ಅದಕ್ಕೇ ಗ್ರಾಮರ್ ಪುಸ್ತಕ ಬದಿಗಿಟ್ಟು ಲಂಡನ್ ಕಥೆ ಹೇಳಿದೆ. ಅಲ್ಲಿನ ಕಾಕ್ನಿ ಮಾತಿನಲ್ಲೂ ‘ಹ’ ಬಿಟ್ಟುಹೋಗುತ್ತೆ, ‘ಹೌಸ್’ ‘ಔಸ್’ ಆಗುತ್ತೆ. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ (1913) ಹೂ ಮಾರುವ ಎಲೈಜಾ ಆಡೋದು ಅದೇ ಮಾತು. “ಹಂಗಾದ್ರೆ ಇಂಗ್ಲಿಷಿನೋರೂ ನಮ್ಮಂಗೇನಾ?” ಅಂತ ನಕ್ಕಳು. ಭಯ ಅರ್ಧ ಇಳಿದಿತ್ತು.

ನಾನು ಬಳಸುವ ಮುಖ್ಯ ಅಭ್ಯಾಸದ ಹೆಸರು ‘ನಾಲ್ಕು-ಮೂರು-ಎರಡು’. ನ್ಯೂಜಿಲೆಂಡಿನ ಭಾಷಾ ತಜ್ಞ ಪಾಲ್ ನೇಷನ್ ಅವರ ಬರಹಗಳಿಂದ ಹೆಸರಾದ ಪದ್ಧತಿ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡೇ ನಿಮಿಷದಲ್ಲಿ ಹೇಳಬೇಕು. ಪ್ರತಿ ಸಲ ಕೇಳುವವರು ಬೇರೆಯಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಮೊದಲ ಸಲ ನಾನು, ಆಮೇಲೆ ಅವಳ ತಮ್ಮ, ಕೊನೆಗೆ ಇಂಗ್ಲಿಷ್ ಗೊತ್ತಿಲ್ಲದಿದ್ದರೂ ತಲೆ ಆಡಿಸುವ ಅವಳ ಅಜ್ಜಿ!

ಮೊದಲ ವಿಷಯ ಮದ್ದೂರು ವಡೆ ಮಾಡುವ ಬಗೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಎಲ್ಲ ಗೊತ್ತಿರೋದೇ. ಏನು ಹೇಳಬೇಕು ಅಂತ ಹುಡುಕುವ ಕೆಲಸ ಇಲ್ಲದಿದ್ದಾಗ ಹೇಗೆ ಹೇಳಬೇಕು ಅನ್ನೋದಕ್ಕೆ ಗಮನ ಸಿಗುತ್ತೆ. ಮೂರನೇ ಸಲಕ್ಕೆ ತಡವರಿಕೆ ಕಮ್ಮಿಯಾಗಿತ್ತು.

ಅವಳು ಮಾತಾಡುವಾಗ ನಾನು ನಡುವೆ ತಿದ್ದಲ್ಲ. ಮುಗಿದ ಮೇಲೆ ಒಂದೇ ಒಂದು ತಪ್ಪು ಹೇಳ್ತೀನಿ, ಅದು ಎಲ್ಲಿಂದ ಬಂತು ಅನ್ನೋದನ್ನೂ ಹೇಳ್ತೀನಿ. ‘ನಿನ್ನೆ ಬಂದೆ’ ಅಂದರೆ ಕನ್ನಡದಲ್ಲಿ ‘ನಾನು’ ಬೇಕಿಲ್ಲ, ಕ್ರಿಯಾಪದವೇ ಹೇಳುತ್ತೆ. ಅದಕ್ಕೇ ‘ಕೇಮ್ ಯೆಸ್ಟರ್‌ಡೇ’ ಅಂತ ಬರುತ್ತೆ. ನಮ್ಮ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು, ಅದಕ್ಕೇ ‘ಬಸ್ಸು’. ಇದು ದಡ್ಡತನ ಅಲ್ಲ, ಕನ್ನಡದ ಲೆಕ್ಕಾಚಾರ. ಕಾರಣ ತಿಳಿದರೆ ನಾಚಿಕೆ ಹೋಗುತ್ತೆ.

ಮುಂದಿನ ತಿಂಗಳು ಮೂರನೇ ಇಂಟರ್‌ವ್ಯೂ. ಕೆಲಸ ಸಿಗುತ್ತೋ ಇಲ್ಲವೋ, ಹೇಳಲಾರೆ. ಆದರೆ ಕಳೆದ ವಾರ ಆನ್‌ಲೈನಲ್ಲಿ ಕೊಂಡ ಚಪ್ಪಲಿ ವಾಪಸ್ ಮಾಡೋಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಹತ್ತು ನಿಮಿಷ ಇಂಗ್ಲಿಷಿನಲ್ಲೇ ಜಗಳ ಆಡಿದಳು. ತಪ್ಪುಗಳಿದ್ದವು. ದುಡ್ಡು ವಾಪಸ್ ಬಂತು.

ನಿಮ್ಮ ಮನೆಯಲ್ಲೂ, ಬೀದಿಯಲ್ಲೂ ಇಂಥವರು ಇರಬಹುದು. ದಿನಕ್ಕೆ ಇಪ್ಪತ್ತು ನಿಮಿಷ ಅವರ ಎದುರು ಕೂತು ಕೇಳಿ. ನಗಬೇಡಿ, ಅವಸರ ಮಾಡಬೇಡಿ. ಅವರಿಗೆ ಬೇಕಿರೋದು ಕಿವಿಗೊಟ್ಟು ಕೇಳುವ ಒಬ್ಬರು ಮಾತ್ರ.