ತಗ್ಗು ಜಾಗದಲ್ಲಿ ಟ್ರೈಲರ್: ಯಾವ ಜ್ಯಾಕ್ ಸರಿ?

ಅಮೆರಿಕದಲ್ಲಿ ಮಡಚುವ ಪಾಪ್‌ಅಪ್ ಕ್ಯಾಂಪರ್ ಕೊಂಡವರಿಗೆ ಬರೋ ಮೊದಲ ತಲೆನೋವು, ಚಳಿಗಾಲದಲ್ಲಿ ಅದನ್ನ ಎಲ್ಲಿಡೋದು ಅನ್ನೋದು. ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ 7 ಅಡಿ ಎತ್ತರ, ಕ್ಯಾಂಪರ್ ಒಳಗೇನೋ ಬರುತ್ತೆ. ಆದ್ರೆ ಉದ್ದ ಸಾಲದೆ ಅದರ ಮೂತಿಯನ್ನ ಒಳಗೋಡೆಯ ವರ್ಕ್‌ಬೆಂಚ್ ಕೆಳಗೆ ತೂರಿಸಬೇಕಾಗುತ್ತೆ. ಅಲ್ಲಿ ಅಡ್ಡ ಬರೋದೇ ಜ್ಯಾಕ್.

ಇದು ಕಾರಿನ ಟೈರ್ ಬದಲಿಸೋ ಜ್ಯಾಕ್ ಅಲ್ಲ. ಟ್ರೈಲರಿನ ಮೂತಿಗೇ ಕೂರಿಸಿರೋ ಕಾಲು. ಹಿಡಿ ತಿರುಗಿಸಿದ್ರೆ ಕಾಲು ಇಳಿದು ಮೂತಿ ಮೇಲೇಳುತ್ತೆ. ಒಳಗಿರೋದು ತಿರುಪು, ಅಂದ್ರೆ ಕಂಬಕ್ಕೆ ಸುತ್ತಿದ ಇಳಿಜಾರು. ಆ ಇಳಿಜಾರು ಎಷ್ಟು ಕಮ್ಮಿ ಅಂದ್ರೆ, ಭಾರ ತಾನಾಗಿ ಜಾರೋದಕ್ಕೆ ಘರ್ಷಣೆ ಬಿಡಲ್ಲ. ಅದಕ್ಕೇ ಹಿಡಿ ಬಿಟ್ರೂ ಮೂತಿ ಕುಸಿಯಲ್ಲ.

ಈಗ ಆಯ್ಕೆ. ಟಾಪ್‌ವೈಂಡ್ ಜ್ಯಾಕಿನ ಹಿಡಿ ನೆತ್ತಿಯ ಮೇಲೆ, ಬೀಸೋ ಕಲ್ಲಿನ ಗೂಟದ ಹಾಗೆ ಸುತ್ತುತ್ತೆ. ಸರಳ, ಅಗ್ಗ. ಆದ್ರೆ ಮೇಲೆ ನಿಮ್ಮ ಕೈ ಆಡೋಷ್ಟು ಜಾಗ ಬೇಕು. ಬೆಂಚಿನ ಕೆಳಗೆ ಅದೆಲ್ಲಿ? ಸೈಡ್‌ವೈಂಡ್‌ನಲ್ಲಿ ಹಿಡಿ ಪಕ್ಕದಲ್ಲಿರುತ್ತೆ, ಒಳಗಿನ ಓರೆಹಲ್ಲಿನ ಗೇರುಗಳು ತಿರುಗುವಿಕೆಯನ್ನ 90 ಡಿಗ್ರಿ ಹೊರಳಿಸಿ ತಿರುಪಿಗೆ ಕೊಡ್ತವೆ. ತಗ್ಗು ಜಾಗಕ್ಕೆ ನಮ್ಮ ಮತ ಇದಕ್ಕೇ. ಒಂದು ಸೂಕ್ಷ್ಮ ಮಾತ್ರ ನೋಡ್ಕೊಳ್ಳಿ: ಹಿಡಿ ಸುತ್ತುವಾಗ ಅದರ ತುದಿ ಜ್ಯಾಕಿನ ನೆತ್ತಿಗಿಂತ ಮೇಲೆ ಹೋಗಬಹುದು. ಅಂಗಡಿಯಲ್ಲೇ ಒಂದು ಸುತ್ತು ತಿರುಗಿಸಿ ಅಳೆದುಬಿಡಿ.

ಎರಡನೇ ಅಳತೆಯನ್ನ ಜನ ಮರೀತಾರೆ: ಕಾಲು ಪೂರ್ತಿ ಮಡಚಿದಾಗಿನ ಎತ್ತರ. ಮೂತಿಯನ್ನ ಅದಕ್ಕಿಂತ ಕೆಳಗೆ ಇಳಿಸೋಕಾಗಲ್ಲ. ಕಾಲಿನ ತುದಿಯಲ್ಲಿ ಚಕ್ರ ಇದ್ರಂತೂ ಇನ್ನಷ್ಟು ಎತ್ತರ. ಸ್ವಿವೆಲ್ ಜ್ಯಾಕ್ ಆದ್ರೆ ಪಿನ್ ಎಳೆದು ಕಾಲನ್ನ ಪಕ್ಕಕ್ಕೆ ಮಲಗಿಸಬಹುದು. ಆದ್ರೆ ಅದಕ್ಕೆ ಮುಂಚೆ ಮೂತಿಗೆ ಬೇರೆ ಗಟ್ಟಿ ಆಸರೆ ಇರಲೇಬೇಕು. ಭಾರ ಹೊತ್ತ ಕಾಲಿನ ಪಿನ್ ಮುಟ್ಟೋದು ಅಂದ್ರೆ ನಿಮ್ಮ ಪಾದವನ್ನೇ ಪಣಕ್ಕಿಟ್ಟ ಹಾಗೆ.

ಇನ್ನು ಮೂತಿ ಇಳಿಸಿದ್ರೆ ಎಲ್ಲಾ ಇಳಿಯುತ್ತೆ ಅಂದ್ಕೋಬೇಡಿ. ಟ್ರೈಲರ್ ಅನ್ನೋದು ಆಕ್ಸಲ್ ಮೇಲೆ ಕೂತ ಏತದ ಮರ. ಆಕ್ಸಲ್‌ನಿಂದ ಮೂತಿ 12 ಅಡಿ, ಹಿಂಬದಿ 6 ಅಡಿ ದೂರ ಇದ್ರೆ, ಮೂತಿ 6 ಇಂಚು ಇಳಿದಾಗ ಹಿಂಬದಿ 3 ಇಂಚು ಏಳುತ್ತೆ. ತೆರೆದ ಗ್ಯಾರೇಜ್ ಬಾಗಿಲು ಚಾವಣಿಯ ಕೆಳಗೇ ಮಲಗಿರುತ್ತಲ್ವಾ, ಕ್ಯಾಂಪರಿನ ನೆತ್ತಿಯ ಎಸಿ ಅದಕ್ಕೆ ತಾಗೋದು ಹೀಗೇ.

ಭಾರದ ಲೆಕ್ಕ ಸುಲಭ. ಮೂತಿಯ ಮೇಲೆ ಬೀಳೋದು ಒಟ್ಟು ತೂಕದ ಶೇ. 10ರಿಂದ 15, 2000 ಪೌಂಡಿಗೆ 200ರಿಂದ 300. ಜ್ಯಾಕ್ ಇದಕ್ಕಿಂತ ಧಾರಾಳವಾಗಿ ಹೆಚ್ಚು ಎತ್ತುವಂತಿರಲಿ, ಸಾಮಾನು ತುಂಬಿದಾಗಿನ ತೂಕವನ್ನೇ ಹಿಡಿಯಿರಿ. ಕಾರಿನಿಂದ ಬಿಚ್ಚೋ ಮೊದಲು ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ತಿರುಪು ಮೂತಿ ಕುಸಿಯದ ಹಾಗೆ ಹಿಡಿಯುತ್ತೆ, ಟ್ರೈಲರ್ ಉರುಳೋದನ್ನ ಅದು ತಡೆಯಲ್ಲ.