ಬಲಮುರಿಯ ಪುಟ್ಟ ಕಟ್ಟೆ ಕಲಿಸುವ ಪಾಠ

ಸುತ್ತೂರು ಜಾತ್ರೆಗೆ ಹೋದವರು, ನಂಜನಗೂಡು, ಚಾಮುಂಡಿಬೆಟ್ಟಗಳನ್ನು ನೋಡಬಂದವರು ಮರಳುವ ಮುನ್ನ ಕೃಷ್ಣರಾಜಸಾಗರದ ಕಡೆಗೆ ಒಮ್ಮೆ ವಾಹನ ತಿರುಗಿಸುವುದು ವಾಡಿಕೆ. ಆ ದಿಕ್ಕಿನಲ್ಲಿ ಮೈಸೂರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಬೆಳಗೊಳದ ಸಮೀಪ ಬಲಮುರಿ ಎಂಬ ತಾಣವಿದೆ. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯದೊಂದು ಕಲ್ಲಿನ ಕಟ್ಟೆ. ಅದರ ಮೇಲಿಂದ ಉದ್ದಕ್ಕೂ ಬಿಳಿಯ ಸೀರೆ ಹರವಿದಂತೆ ಇಳಿಯುವ ನೀರು. ದಡದಲ್ಲಿ ತೆಂಗು, ಬತ್ತದ ಗದ್ದೆ, ದೇವಾಲಯ. ಎತ್ತರ ಒಂದು ಆಳಿಗಿಂತ ಹೆಚ್ಚಿಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲೇ ಎಡಮುರಿ. ಕನ್ನಡ ಚಲನಚಿತ್ರಗಳಲ್ಲಿ ಈ ದೃಶ್ಯವನ್ನು ಕಾಣದವರು ವಿರಳ.

ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಅಲ್ಲಿಗೆ ಹೋಗಿದ್ದೆವು. ನಮ್ಮ ಅತ್ತೆಯವರಿಗೆ ನದೀತೀರದಲ್ಲಿ ಇಷ್ಟಲಿಂಗ ಪೂಜೆ ಮಾಡಿಕೊಳ್ಳುವ ಆಸೆ. ಮಕ್ಕಳಿಗೆ ನೀರಾಟದ ಆಸೆ. ಕಾಲೇಜಿನಲ್ಲಿ ಓದುವ ಸೋದರಳಿಯ ಕಟ್ಟೆಯ ಮೇಲೆ ನಾಲ್ಕು ಹೆಜ್ಜೆ ನಡೆದಿರಬಹುದು, ಪಾಚಿಯ ಮೇಲೆ ಕಾಲು ಜಾರಿ ಕೆಳಗಿನ ನೊರೆಯೊಳಗೆ ಬಿದ್ದ. ಈಜು ಬಲ್ಲ ಹುಡುಗ. ಆದರೂ ಎರಡು ಬಾರಿ ಮೇಲೆದ್ದವನು ಎರಡು ಬಾರಿಯೂ ಕಟ್ಟೆಯ ಕಡೆಗೇ ಸರಿದು ಮುಳುಗಿದ. ಅವನ ತಂದೆ ಅಂಗಿಯನ್ನೂ ಬಿಚ್ಚದೆ ಹಾರಲು ಮುಂದಾದಾಗ, ಅಲ್ಲೇ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಅವರ ರಟ್ಟೆ ಹಿಡಿದು ನಿಲ್ಲಿಸಿ, ತಮ್ಮ ಪಂಚೆಯ ತುದಿಗೆ ಗಂಟು ಹಾಕಿ ಬಂಡೆಯ ಮೇಲಿನಿಂದ ಎಸೆದರು. ಹುಡುಗ ಹಿಡಿದುಕೊಂಡ, ಬದುಕಿದ. “ನೀರಿಗೆ ಇಳಿದಿದ್ದರೆ ಇಬ್ಬರನ್ನೂ ಹುಡುಕಬೇಕಾಗಿತ್ತು” ಎಂದಷ್ಟೇ ಹೇಳಿ ಆ ಹಿರಿಯರು ದನಗಳ ಹಿಂದೆ ಹೊರಟುಹೋದರು.

ಎಲ್ಲರಿಗೂ ಅಂಥವರು ದೊರೆಯುವುದಿಲ್ಲ. ಈ ತೀರದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಒಬ್ಬರನ್ನು ಉಳಿಸಹೋಗಿ ಮತ್ತೊಬ್ಬರು ಜೀವ ತೆತ್ತುದೂ ಉಂಟು. ಇಷ್ಟು ಚಿಕ್ಕ ಕಟ್ಟೆಗೆ ಇಷ್ಟು ಕ್ರೌರ್ಯವೆಲ್ಲಿಂದ ಬಂತು?

ಕಟ್ಟೆಯ ಬುಡದಲ್ಲಿ ನಡೆಯುವುದೇನು?

ಅಪಾಯವಿರುವುದು ಕಟ್ಟೆಯ ಎತ್ತರದಲ್ಲಲ್ಲ, ಅದರ ಬುಡದಲ್ಲಿ. ಮೇಲಿನಿಂದ ಧುಮುಕಿದ ನೀರು ನೇರವಾಗಿ ತಳಕ್ಕೆ ಇಳಿಯುತ್ತದೆ. ತಳವನ್ನು ತಾಕಿ ಸ್ವಲ್ಪ ಮುಂದೆ ಸಾಗಿ ಮೇಲಕ್ಕೆ ಏಳುತ್ತದೆ. ಎದ್ದ ನೀರಿನಲ್ಲಿ ಒಂದು ಪಾಲು ಮುಂದೆ ಹರಿದರೆ ಇನ್ನೊಂದು ಪಾಲು ಮೇಲ್ಮೈಯಲ್ಲಿ ಹಿಂದಕ್ಕೆ, ಎಂದರೆ ಕಟ್ಟೆಯತ್ತಲೇ ಮರಳುತ್ತದೆ. ಹೀಗೆ ಬಾವಿಯ ರಾಟೆಯನ್ನು ಅಡ್ಡ ಮಲಗಿಸಿ ತಿರುಗಿಸಿದಂತೆ ನೀರು ಅಲ್ಲಿಯೇ ಸುತ್ತುತ್ತಿರುತ್ತದೆ. ಅದರಲ್ಲಿ ಸಿಕ್ಕ ಮರದ ತುಂಡು ಗಂಟೆಗಟ್ಟಲೆ ಅಲ್ಲಿಯೇ ಉರುಳುವುದನ್ನು ನೋಡಬಹುದು. ಮನುಷ್ಯನ ಪಾಡೂ ಅದೇ. ಮೇಲೆ ಬಂದವನನ್ನು ನೀರು ಕಟ್ಟೆಯ ಕಡೆಗೆ ಎಳೆಯುತ್ತದೆ. ಧುಮುಕುವ ಧಾರೆ ಮತ್ತೆ ಒಳಗೆ ಒತ್ತುತ್ತದೆ.

ನೊರೆಯೂ ಅಷ್ಟೇ ಮೋಸಗಾರ. ಗಾಳಿಯ ಗುಳ್ಳೆಗಳು ತುಂಬಿದ ನೀರು ಹಗುರವಾಗಿರುವುದರಿಂದ ದೇಹವನ್ನು ತೇಲಿಸುವ ಶಕ್ತಿ ಅದಕ್ಕೆ ಕಡಿಮೆ. ಕೈಕಾಲು ಬಡಿದರೆ ಹಿಡಿತವೂ ಸಿಗದು. ಆದ್ದರಿಂದ ಕೆರೆಯಲ್ಲಿ, ಕೊಳದಲ್ಲಿ ಕಲಿತ ಈಜು ಇಲ್ಲಿ ನೆರವಾಗುತ್ತದೆಂದು ನಂಬುವಂತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್ ಎಂಬಲ್ಲಿ 1975ರಲ್ಲಿ ಇಂಥದೇ ತಗ್ಗು ಕಟ್ಟೆಯೊಂದರ ಬುಡದಲ್ಲಿ, ರಕ್ಷಣಾಕಾರ್ಯಕ್ಕೆ ದೋಣಿಯಲ್ಲಿ ಹೋದ ಅಗ್ನಿಶಾಮಕ ದಳದವರೇ ಪ್ರಾಣ ತೆತ್ತರು. ತರಬೇತಿ ಪಡೆದವರನ್ನೂ ಬಿಡದ ಈ ಸುಳಿಗೆ ಆ ದೇಶದವರು ‘ಮುಳುಗಿಸುವ ಯಂತ್ರ’ವೆಂದೇ ಹೆಸರಿಟ್ಟಿದ್ದಾರೆ.

ನೀರು ತೆಳುವಾಗಿ ಹರಿಯುವ ದಿನ ಈ ಸುಳಿ ಕಾಣದಿರಬಹುದು. ಹರಿವು ಸ್ವಲ್ಪ ಏರಿದೊಡನೆ ಅದು ಹುಟ್ಟಿಕೊಳ್ಳುತ್ತದೆ. ನಿನ್ನೆ ಮಕ್ಕಳು ಆಡಿದ ಜಾಗವೇ ಇಂದು ಮೃತ್ಯುವಿನ ಬಾಯಾಗುವುದು ಹೀಗೆ.

ಮೇಲಿನಿಂದ ಬರುವ ನೀರು

ಬಲಮುರಿಗೆ ಮೇಲ್ಭಾಗದಲ್ಲಿ, ಕೆಲವೇ ಕಿಲೋಮೀಟರು ಅಂತರದಲ್ಲಿ ಕೃಷ್ಣರಾಜಸಾಗರವಿದೆ. 1911ರಲ್ಲಿ ಕೆಲಸ ಆರಂಭವಾದ ಈ ಜಲಾಶಯದ ಪೂರ್ಣಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿ.ಎಂ.ಸಿ. ಅಲ್ಲಿಂದ ಬಿಡುವ ನೀರು ಹೆಚ್ಚಿದರೆ ಇಲ್ಲಿ ನದಿ ಏರುತ್ತದೆ. ಬಲಮುರಿಯ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರಬಹುದು. ಆದರೆ ಕೊಡಗಿನಲ್ಲಿ ಸುರಿದ ಮಳೆ ಇಲ್ಲಿಗೆ ಬಂದೇ ಬರುತ್ತದೆ.

ಒಂದು ಲೆಕ್ಕ ನೋಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಪತ್ರಿಕೆಯಲ್ಲಿ “1,000 ಕ್ಯೂಸೆಕ್ ಬಿಡುಗಡೆ” ಎಂದು ಓದಿ ನಾವು ಪುಟ ತಿರುಗಿಸುತ್ತೇವೆ. ಅದು ಪ್ರತಿ ಸೆಕೆಂಡಿಗೆ 28 ಟನ್ ತೂಕದ ನೀರು! 2018 ಮತ್ತು 2019ರ ಮಳೆಗಾಲಗಳಲ್ಲಿ ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಹರಿದುಬಂತು. ಅಂಥ ಪ್ರವಾಹದ ಮಾತು ಹಾಗಿರಲಿ. ವೇಗವಾಗಿ ಹರಿಯುವ ನೀರು ಅರ್ಧ ಅಡಿಯಷ್ಟಿದ್ದರೂ ಬೆಳೆದವರ ಕಾಲು ಕೀಳಬಲ್ಲದು. ಹರಿವಿನ ವೇಗ ಇಮ್ಮಡಿಯಾದರೆ ನೂಕುವ ಬಲ ನಾಲ್ಕು ಮಡಿಯಾಗುತ್ತದೆ.

2021ರಲ್ಲಿ ದೇಶಕ್ಕೆ ಅಣೆಕಟ್ಟೆ ಸುರಕ್ಷತಾ ಕಾಯಿದೆ ಬಂದಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ ಮತ್ತು 10ರಿಂದ 15 ಮೀಟರು ಎತ್ತರವಿದ್ದು ಕೆಲವು ನಿಬಂಧನೆಗಳಿಗೆ ಒಳಪಡುವವುಗಳಿಗೆ. ಆಳೆತ್ತರದ ಕಟ್ಟೆ ಅದರ ಲೆಕ್ಕಕ್ಕೆ ಬಾರದು. ಎಂದಮೇಲೆ ಇಂಥ ಕಡೆ ಉಳಿಯುವ ಕಾವಲು ಎರಡೇ: ಸ್ಥಳೀಯರ ಎಚ್ಚರ, ನಮ್ಮ ವಿವೇಕ.

ಕಟ್ಟೆಯ ಸುತ್ತಲ ಜೀವಲೋಕ

ಹಾಗೆಂದು ಕಟ್ಟೆಯನ್ನು ದೂಷಿಸುವುದು ಸಲ್ಲದು. ಶ್ರೀರಂಗಪಟ್ಟಣದ ಸೀಮೆಯನ್ನು ಹಸಿರಾಗಿಸಿದ್ದೇ ಇಂಥ ಹಳೆಯ ಕಟ್ಟೆಗಳು, ಅವುಗಳಿಂದ ಹೊರಟ ನಾಲೆಗಳು. ಬಲಮುರಿಗೆ ಕೆಳಗಿರುವ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡದ್ದು 1645-48ರ ಸುಮಾರಿನಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ. ರೈತನಿಗಾಗಿ ಕಟ್ಟಿದ್ದು ಹಕ್ಕಿಗೂ ಮನೆಯಾಯಿತು. ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ನೀರುನಾಯಿ, ಮೊಸಳೆ ಎಲ್ಲವೂ ಈ ನದಿಯ ಒಕ್ಕಲುಗಳೇ. ನಾವು ದಡದಲ್ಲಿ ಎಸೆದ ಪ್ಲಾಸ್ಟಿಕ್ ತಟ್ಟೆ, ಒಡೆದ ಗಾಜು ಮುಂದಿನ ಪ್ರವಾಸಿಯ ಪಾದಕ್ಕೂ ಈ ಜೀವಿಗಳ ಹೊಟ್ಟೆಗೂ ಸೇರುತ್ತವೆ.

ಮನೆಯವರು ತಿಳಿದಿರಬೇಕಾದುದು

ಕಟ್ಟೆಯ ಮೇಲೆ ನಡೆಯುವುದು, ಅದರ ಬುಡದ ನೊರೆಯಲ್ಲಿ ನಿಲ್ಲುವುದು ಬೇಡ. ಎಂಥ ಛಾಯಾಚಿತ್ರವೂ ಅದಕ್ಕೆ ಯೋಗ್ಯವಲ್ಲ. ನೀರಿನ ಬಣ್ಣ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಕೂಡಲೇ ದಡಕ್ಕೆ ಬನ್ನಿ. ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ಇದ್ದ ದಿನ ಅತ್ತ ಹೋಗದಿರುವುದೇ ಲೇಸು. ನಿಷೇಧದ ಫಲಕ ಕಂಡರೆ, ಅದರ ಹಿಂದೆ ಯಾರದೋ ಮನೆಯ ಕಣ್ಣೀರಿದೆ ಎಂದು ತಿಳಿಯಿರಿ. ಹಿರಿಯರೊಬ್ಬರು ಬೇರೆ ಕೆಲಸವಿಲ್ಲದೆ ಮಕ್ಕಳನ್ನೇ ನೋಡುತ್ತ ಕೂರಲಿ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಪಂಚೆ, ಸೀರೆ, ಬಿದಿರಿನ ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನು ಯಾವುದಾದರೂ ಎಸೆಯಿರಿ. 112ಕ್ಕೆ ಕರೆ ಮಾಡಿ. ಮೇಲೆ ತಂದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಹಳ್ಳಿಗಳ ರೂಢಿ, ಅದು ತಪ್ಪು. ಅದರಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಉಸಿರು ಮರಳುವವರೆಗೆ ಅಥವಾ ನೆರವು ಬರುವವರೆಗೆ ನಿಲ್ಲಿಸಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಬಳಿಕವೂ ತಲೆದೋರಬಹುದು. ಈ ವಿದ್ಯೆಯನ್ನು ನಮ್ಮ ಶಾಲೆಗಳಲ್ಲಿ, ಮಠಗಳ ವಿದ್ಯಾರ್ಥಿ ನಿಲಯಗಳಲ್ಲಿ, ಅಕ್ಕನ ಬಳಗಗಳಲ್ಲಿ ಕಲಿಸುವ ಏರ್ಪಾಡಾದರೆ ಎಷ್ಟೋ ಮನೆಗಳ ದೀಪ ಉಳಿದೀತು.

ಶರಣರ ಕಾಯಕದ ಬೆಳಕಿನಲ್ಲಿ

ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುವುದನ್ನೇ ಕಾಯಕವಾಗಿ ಬಾಳಿದರು. ಒಬ್ಬರು ನೀರನ್ನು ನಿಲ್ಲಿಸಿದರೆ ಇನ್ನೊಬ್ಬರು ನೀರನ್ನು ದಾಟಿಸಿದರು. ಇಬ್ಬರೂ ನೀರಿನ ಗುಣವನ್ನು ಅರಿತವರು. ಆ ಅರಿವನ್ನು ಪರರ ಹಿತಕ್ಕೆ ಬಳಸಿದವರು. ಬಲಮುರಿಯ ಆ ದನಗಾಹಿ ಹಿರಿಯರಲ್ಲಿ ನಾನು ಕಂಡದ್ದೂ ಅದೇ ಅರಿವು. ಅವರ ಹೆಸರು ಕೇಳಲೂ ನಮಗೆ ಅಂದು ತೋಚಲಿಲ್ಲ.

ಸೋದರಳಿಯನಿಗೆ ಈಗ ಮದುವೆಯಾಗಿದೆ, ಒಂದು ಮಗುವಿದೆ. ಕಳೆದ ಬಾರಿ ಅವನೊಡನೆ ಬಲಮುರಿಗೆ ಹೋದಾಗ ನಾವೆಲ್ಲ ದಡದ ಮೇಲೆಯೇ ಬುತ್ತಿ ಬಿಚ್ಚಿ ಉಂಡೆವು. ಮಗು ನೀರಿನತ್ತ ಓಡಿತು. ಅವನು ಎತ್ತಿಕೊಂಡು ಬಂದ. ಕಾರಿನಲ್ಲಿ ಒಂದು ಉದ್ದನೆಯ ಹಗ್ಗವಿತ್ತು. ಏಕೆಂದು ಯಾರೂ ಕೇಳಲಿಲ್ಲ.